ಜಗಲಿಯಲ್ಲಿ ಸಿಗದ ಸದ್ದು

ವಾಮದಪದವಿನ ರಂಜಿತನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಅವನ ಕೂದಲಿನ ಸುದ್ದಿ ಬರುತ್ತದೆ. ಹೆಗಲು ಮುಟ್ಟುವ ಕೂದಲು. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಅದು ಹಾರುವುದನ್ನು ಕಂಡರೆ ಸಾಕು, ಮೆಲ್ಕಾರಿಗೆ ಹೋಗುವ ಬಸ್ಸು ಬಂತೆಂದು ಅಂಗಡಿಯವರಿಗೆ ಗೊತ್ತಾಗುತ್ತದಂತೆ. ಆಮೇಲೆ ಗಿಟಾರಿನ ಸುದ್ದಿ. ಮೆಲ್ಕಾರಿನಲ್ಲಿ ಮಾಮ ಕಮಲಾಕ್ಷರ ಸೌಂಡ್ಸ್ ಅಂಗಡಿಯಲ್ಲಿ ಅವನು ದುಡಿಯುತ್ತಾನೆ, ಮದುವೆಗೆ, ಯಕ್ಷಗಾನಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕ್ ಕಟ್ಟುತ್ತಾನೆ ಎನ್ನುವುದು ಕೊನೆಗೆ. ಚಿಕ್ಕಂದಿನಲ್ಲಿ ಅವನು ಅಮ್ಮ ಕುಸುಮಳ ಪಕ್ಕ ಕೂತು ಬೀಡಿ ಕಟ್ಟಲು ಕಲಿತಿದ್ದ. ಮೂಡಬಿದ್ರೆಯ ಕಾಲೇಜಿಗೆ ಸೇರಿದ ಮೇಲೆ ಅದನ್ನು ಯಾರಿಗೂ ಹೇಳಲಿಲ್ಲ.

ಕಾಲೇಜಿನಲ್ಲಿ ಅವನದ್ದೊಂದು ರಾಕ್ ಬ್ಯಾಂಡ್ ಇತ್ತು. ಡ್ರಮ್ಸ್ ಬಾರಿಸುತ್ತಿದ್ದವನು ಈಗ ದೋಹಾದಲ್ಲಿದ್ದಾನೆ, ಹಾಡುತ್ತಿದ್ದವನು ಬೆಳ್ತಂಗಡಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ಉಳಿದದ್ದು ರಂಜಿತ ಮತ್ತು ಗಿಟಾರು. ಅವರು ನುಡಿಸಿದ್ದೆಲ್ಲ ಬೇರೆಯವರ ಹಾಡು. ಈಗಲೂ ಬೆಳ್ತಂಗಡಿ ಕಡೆ ರಸಮಂಜರಿ ಇದ್ದರೆ ಅವನನ್ನು ಕರೆಯುತ್ತಾರೆ, ಅಲ್ಲೂ ಬೇರೆಯವರದ್ದೇ. ಮೂವತ್ತು ದಾಟಿದ ಮೇಲೆ ಇದು ಅವನಿಗೆ ಅಂಗಾಲಿನಲ್ಲಿ ಮುರಿದ ಮುಳ್ಳಿನ ಹಾಗೆ ಚುಚ್ಚತೊಡಗಿತ್ತು. ಇಷ್ಟು ವರ್ಷ ಬೆರಳು ಸವೆಸಿದರೂ ಇದು ನನ್ನದು ಎಂದು ತೋರಿಸಲು ಒಂದು ಸಂಗೀತ ಇರಲಿಲ್ಲ.

ಆ ಹೊತ್ತಿನಲ್ಲೇ ಅಭಿನಂದನ್ ಫೋನ್ ಮಾಡಿದ್ದು. ಮೂಡಬಿದ್ರೆಯ ಜೈನರ ಮನೆಯ ಹುಡುಗ, ಕಾಲೇಜಿನಲ್ಲಿ ರಂಜಿತನಿಗಿಂತ ಎರಡು ವರ್ಷ ಚಿಕ್ಕವ. ದೂರದ ಊರಿನಲ್ಲಿ ಸಿನಿಮಾ ಕಲಿತು ಬಂದಿದ್ದ. ಒಂದು ಚಿತ್ರ ಮಾಡಿದ್ದಾನಂತೆ. ಕಥೆ ಇಲ್ಲ, ಮಾತಿಲ್ಲ. ಬೀಡಿ ಕಟ್ಟುವ ಎರಡು ಕೈ, ಎಲೆ, ಕತ್ತರಿ, ನೂಲು, ಅಷ್ಟೇ. ಕೈಗಳು ವಾಮದಪದವಿನ ದಮಯಂತಿಯಕ್ಕನದು. ಶಬ್ದ ಹಿಡಿಯದೆ ಬರೀ ಚಿತ್ರ ತೆಗೆದಿದ್ದಾನೆ, ಶಬ್ದ ರಂಜಿತ ಮಾಡಬೇಕು.

"ನಾನೇ ಯಾಕೆ?" ಎಂದ ರಂಜಿತ, ಒಳಗೊಳಗೆ ಕುಣಿಯುತ್ತ.

"ಫೆಸ್ಟಿನಲ್ಲಿ ಒಮ್ಮೆ ನಿಮ್ಮ ತಂತಿ ತುಂಡಾಗಿ ಆಂಪ್ಲಿಫೈಯರ್ ಕಿರುಚಿತಲ್ಲ, ನೆನಪುಂಟಾ? ಆ ಶಬ್ದವನ್ನು ನಾನು ಇವತ್ತಿಗೂ ಮರೆತಿಲ್ಲ."

ಅಂದು ನುಡಿಸಿದ್ದೆಲ್ಲ ಮರೆತುಹೋಗಿ, ಕೆಟ್ಟದ್ದೊಂದು ಮಾತ್ರ ನೆನಪುಳಿದಿದೆ ಎಂದು ರಂಜಿತನಿಗೆ ಸ್ವಲ್ಪ ಬೇಸರವಾಯಿತು. ಆದರೂ ಒಪ್ಪಿದ. ಚಿತ್ರ ಹೊರಗೆ ಒಂದು ಉತ್ಸವಕ್ಕೆ ಹೋಗಲಿಕ್ಕಿತ್ತು, ಅದಕ್ಕೆ ಮೊದಲು ಮೂಡಬಿದ್ರೆಯಲ್ಲಿ ಒಂದು ಪ್ರದರ್ಶನ. ಅಷ್ಟರೊಳಗೆ ಆಗದಿದ್ದರೆ ಕೊಚ್ಚಿಯಲ್ಲಿ ಒಬ್ಬರು ಮಾಡಿಕೊಡಲು ಸಿದ್ಧರಿದ್ದಾರೆ ಎಂದು ಅಭಿನಂದನ್ ಬಹಳ ಮರ್ಯಾದೆಯಿಂದ ತಿಳಿಸಿದ. ಕೊಚ್ಚಿಯವರ ಸುದ್ದಿ ಕೇಳಿದ ಮೇಲೆ ರಂಜಿತನಿಗೆ ಊಟ ರುಚಿಸಲಿಲ್ಲ.

ಮೊದಲು ಮಾಡಿದ್ದನ್ನು ಕಳಿಸಿದ. ಅಭಿನಂದನ್ ಫೋನಿನಲ್ಲಿ ಹೇಳಿದ: "ಇದರಲ್ಲಿ ಗಿಟಾರ್ ಕೇಳ್ತದೆ."

"ಗಿಟಾರ್ ನುಡಿಸಿದ್ರೆ ಗಿಟಾರೇ ಅಲ್ವಾ ಮಾರಾಯ ಕೇಳುವುದು? ಚೆಂಡೆ ಕೇಳ್ತದಾ?"

"ಹಾಗಲ್ಲ. ಸಂಗೀತ ಬೇಡ ನನಗೆ. ಉಸಿರು ಬೇಕು."

"ಉಸಿರು ಬೇಕಾದ್ರೆ ಡಾಕ್ಟರ್ ಹತ್ರ ಹೋಗು."

ಅಭಿನಂದನ್ ನಗಲಿಲ್ಲ. ಮತ್ತೊಂದು ಮಾಡಿ ಕಳಿಸಿದರೆ ಇದು ಬೇಕಾದ್ದಕ್ಕಿಂತ ಹೆಚ್ಚು ಸುಂದರವಾಯಿತು ಎಂದ. ಇನ್ನೊಂದಕ್ಕೆ ಇದು ಪ್ರೇಕ್ಷಕರಿಗೆ ಏನನ್ನೋ ಹೇಳಲು ಹೊರಟಿದೆ ಎಂದು ಬೇಸರಪಟ್ಟುಕೊಂಡ. ರಂಜಿತ ಅಂಗಡಿಯ ಹಿಂದೆ, ಕಪ್ಪು ಸ್ಪೀಕರುಗಳ ನಡುವೆ ಕುಳಿತು ತಲೆ ಚಚ್ಚಿಕೊಳ್ಳುವುದನ್ನು ಕಮಲಾಕ್ಷ ಮಾಮ ಬಾಗಿಲಲ್ಲಿ ನಿಂತು ನೋಡಿದರು.

"ಎಂತ, ಇನ್ನೂ ಮುಗಿಯಲಿಲ್ಲವಾ ನಿನ್ನ ಬೀಡಿ ಸಿನಿಮಾ? ಒಂದು ಬೀಡಿ ಸೇದುವಷ್ಟು ಹೊತ್ತು ಇಲ್ಲ ಅದು."

"ಅವನಿಗೆ ಸಂಗೀತ ಬೇಡವಂತೆ ಮಾಮ."

"ಬೇಡದ್ದನ್ನು ಮಾಡಿಕೊಡ್ಲಿಕ್ಕೆ ನಿನಗೆಂತ ಕಷ್ಟ? ಸುಮ್ಮನೆ ಕೂರು, ಆಯ್ತಲ್ಲ. ಆಮೇಲೆ, ಆ ಸಣ್ಣ ಮೈಕ್ ಎಲ್ಲಿ? ನಿನ್ನೆ ಮದುವೆಯಲ್ಲಿ ಪುರೋಹಿತರು ಕೂಗಿ ಕೂಗಿ ಮಂತ್ರ ಹೇಳಿದ್ದು. ಮದುಮಗ ಬೆಚ್ಚಿಬಿದ್ದ."

ಸಣ್ಣ ಮೈಕ್ ರಂಜಿತನ ಚೀಲದಲ್ಲಿತ್ತು. ಅಷ್ಟರಲ್ಲಿ ಅವನಿಗೆ ಒಂದು ದಾರಿ ಹೊಳೆದಿತ್ತು. ಚಿತ್ರವನ್ನು ಶಬ್ದವಿಲ್ಲದೆ ನೋಡಿ ನೋಡಿ ಆ ಕೈಗಳ ನಡೆ ಅವನಿಗೆ ಬಾಯಿಪಾಠವಾಗಿತ್ತು. ಕತ್ತರಿ ಎಲೆಯನ್ನು ಕೊಯ್ಯುತ್ತದೆ, ಬೆರಳು ಹೊಗೆಸೊಪ್ಪನ್ನು ಹರಡಿ ಸುತ್ತುತ್ತದೆ, ಉಗುರು ಬಾಯಿ ಮಡಚುತ್ತದೆ, ನೂಲು ಬಿಗಿಯುತ್ತದೆ, ಮೊರದ ಅಂಚಿಗೆ ಒಂದು ಕುಟ್ಟು. ಆಮೇಲೆ ದಮಯಂತಿಯಕ್ಕ ಮುಂಗೈಯಿಂದ ಕನ್ನಡಕ ಮೇಲೆ ತಳ್ಳುವುದಕ್ಕೆ ಒಂದು ತಡೆ. ಡ್ರಮ್ಸ್ ಇದೇ ಅಲ್ಲವೇ? ಇದನ್ನು ಮೊದಲು ಹಿಡಿದು, ಅದರ ಮೇಲೆ ಗಿಟಾರನ್ನು ಕಟ್ಟಬೇಕು. ಮನೆಯಲ್ಲಿ ಅಮ್ಮನಿಂದ ಕಟ್ಟಿಸಿ ನೋಡಿದ. ಭುಜದ ನೋವಿಗೆ ಅವಳು ಬೀಡಿ ಕಟ್ಟುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕೈ ಬೇರೆ, ನಡೆ ಬೇರೆ, ಚಿತ್ರಕ್ಕೆ ಕೂಡಲಿಲ್ಲ. ದಮಯಂತಿಯಕ್ಕನದೇ ಬೇಕು.

ಇದಕ್ಕಿಂತ ಸುಲಭದ ಕೆಲಸ ಯಾವುದುಂಟು ಎಂದುಕೊಂಡು ಅವನು ಗುಡ್ಡೆ ಹತ್ತಿದ. ದಮಯಂತಿಯಕ್ಕನ ಮನೆ ಅವನ ಮನೆಗಿಂತ ಮೇಲೆ, ಜಂಬಿಟ್ಟಿಗೆಯ ಮೆಟ್ಟಿಲು ಮುಗಿಯುವಲ್ಲಿ. ಜಗಲಿಯಲ್ಲಿ ಅವಳೂ ನೆರೆಮನೆಯ ಬೀಯಮ್ಮನೂ ಮೊರ ಮಡಿಲಲ್ಲಿಟ್ಟು, ಕಾಲು ನೀಡಿ ಕೂತು, ಟೀವಿಯ ಧಾರಾವಾಹಿಯ ಅತ್ತೆಯನ್ನು ಬೈಯುತ್ತ ಕೈ ಆಡಿಸುತ್ತಿದ್ದರು. ಕೆಳಗಿನ ಮೆಟ್ಟಿಲಿಗೇ ಆ ಸದ್ದು ಕೇಳುತ್ತಿತ್ತು. ರಂಜಿತ ಜಗಲಿಗೆ ಕಾಲಿಟ್ಟ. ಸದ್ದು ನಿಂತಿತು.

ಟೀವಿ ಆರಿತು. ಮೊರ ಒಳಗೆ ಹೋಯಿತು. ದಮಯಂತಿಯಕ್ಕ ಸೆರಗು ಕೊಡವಿ ಎದ್ದಳು.

"ಬಾ ಮಗ, ಬಾ. ಕೂರು. ಬೀಯಮ್ಮ, ಆ ಕುರ್ಚಿ ಇತ್ತ ತಾ."

"ನೀವು ಕಟ್ಟುತ್ತಾ ಇರಿ ಅಕ್ಕ. ನಾನು ಮೈಕ್ ಇಟ್ಟುಕೊಂಡು ಮೂಲೆಯಲ್ಲಿ ಕೂರ್ತೇನೆ."

"ಕೂರುವುದಾ? ಮನೆಗೆ ಬಂದವರ ಎದುರು ಕಾಲು ನೀಡಿ ಮೊರ ಇಟ್ಟುಕೊಂಡು ಕೂರ್ಲಿಕ್ಕೆ ನನಗೆಂತ ಮರ್ಯಾದೆ ಇಲ್ಲವಾ? ಮೊದಲು ಬೆಲ್ಲ ನೀರು ಕುಡಿ. ಚಾಕ್ಕೆ ಇಡ್ತೇನೆ."

ಬೆಲ್ಲ ನೀರು ಬಂತು. ಚಾ ಬಂತು. ಚಾದ ಜೊತೆ ಬಾಳೆಹಣ್ಣಿನ ಹಲ್ವ ಬಂತು. ಮೈಕಿನ ಮುಂದೆ ಬೀಯಮ್ಮ ಕೈಕಟ್ಟಿ, ಗುಂಪು ಫೋಟೋಕ್ಕೆ ಕೂತವಳ ಹಾಗೆ ನೇರ ಕುಳಿತಳು. ಅವತ್ತು ರೆಕಾರ್ಡರಿನಲ್ಲಿ ಸಿಕ್ಕಿದ್ದು ಲೋಟದ ಸದ್ದು, ಒಂದು ಕೋಳಿ, ಮತ್ತು "ಇನ್ನೊಂದು ತುಂಡು ತಿನ್ನು" ಎಂಬ ಮಾತು.

ಮರುದಿನವೂ ಹಾಗೆಯೇ. ಅದರ ಮರುದಿನ ಅವನು ಹಿತ್ತಿಲಿನಿಂದ ಬಂದ. ಬಾಗಿಲಿನಿಂದ ಬಾರದೆ ಹಿತ್ತಿಲಿನಿಂದ ಬಂದದ್ದಕ್ಕೆ ಬೈಸಿಕೊಂಡು ಚಾ ಕುಡಿದ.

"ಅಭಿನಂದನ್ ಚಿತ್ರ ತೆಗೆಯುವಾಗ ನೀವು ಕಟ್ಟಿದ್ದೀರಲ್ಲ ಅಕ್ಕ!"

"ಅವನು ಅಂಗಳದಲ್ಲಿ ನಿಂತಿದ್ದ. ಕರೆದರೂ ಮೇಲೆ ಬರಲಿಲ್ಲ. ಅಂಗಳದಲ್ಲಿ ನಿಂತವನಿಗೆ ಎಂತ ಚಾ ಕೊಡುವುದು? ದಾರಿಯಲ್ಲಿ ಹೋಗುವವನ ಹಾಗೆ ಅವನು. ನೀನು ಜಗಲಿ ಹತ್ತಿದ್ದಿ."

ಕ್ಯಾಮರಾಕ್ಕೆ ಅಂಗಳದಿಂದ ಕಾಣುತ್ತದೆ, ಮೈಕಿಗೆ ಅಂಗಳದಿಂದ ಕೇಳುವುದಿಲ್ಲ ಎಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಆಯಿತು, ನಾನು ಇರುವುದೇ ಇಲ್ಲ ಎಂದು ರಂಜಿತ ರೆಕಾರ್ಡರನ್ನು ಚಾಲು ಮಾಡಿ ಜಗಲಿಯ ಮೂಲೆಯಲ್ಲಿಟ್ಟು, ಮುಟ್ಟಬೇಡಿ ಎಂದು ಹೇಳಿ ಕೆಲಸಕ್ಕೆ ಹೋದ. ಸಂಜೆ ಬಂದರೆ ಅದು ಮೂಲೆಯಲ್ಲಿ ಇರಲಿಲ್ಲ.

"ಅದಾ? ಒಳಗೆ ಕಪಾಟಿನಲ್ಲಿ ಉಂಟು," ಎಂದಳು ದಮಯಂತಿಯಕ್ಕ. "ಬೆಲೆಯ ಸಾಮಾನು. ಕೋಳಿ ಬಂದು ಮಗುಚಿದ್ರೆ ಯಾರು ಜವಾಬು ಹೇಳುವುದು? ಟವೆಲಿನಲ್ಲಿ ಸುತ್ತಿ ಬೀಗ ಹಾಕಿದ್ದೇನೆ. ಹೆದರಬೇಡ, ಯಾರೂ ಮುಟ್ಟಲಿಲ್ಲ."

ಆ ಸಂಜೆ ರಂಜಿತ ಮನೆಗೆ ಹೋಗಿ ಕಪಾಟಿನ ಒಳಗಿನ ಸದ್ದನ್ನು ಕೇಳಿದ. ಕತ್ತಲೆಗೆ ಸದ್ದಿದ್ದರೆ ಹೀಗೇ ಇರಬೇಕು. ಅಭಿನಂದನನಿಗೆ ಕಳಿಸಿದ್ದರೆ ಬಹುಶಃ ಇಷ್ಟವಾಗುತ್ತಿತ್ತು. ಅಷ್ಟರಲ್ಲಿ ಅಭಿನಂದನನದ್ದೇ ಸಂದೇಶ ಬಂತು: ಕೊಚ್ಚಿಯವರ ಹತ್ತಿರ ಮಾತಾಡಿದ್ದೇನೆ, ನಾಡಿದ್ದಿನವರೆಗೆ ಕಾಯುತ್ತಾರೆ, ಬೇಸರ ಮಾಡಬೇಡಿ.

ಮರುದಿನ ಅವನು ಅಂಗಡಿಗೆ ರಜೆ ಹೇಳಿದ. ಮಾಮ ಹೇಳಿದ್ದು ಫೋನಿನಿಂದ ಹೊರಗೆ ಕೇಳುವಷ್ಟು ಗಟ್ಟಿಯಾಗಿತ್ತು. ಗುಡ್ಡೆ ಹತ್ತುವಾಗ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಬೀಯಮ್ಮ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದಳು, ಅವಳ ಮೊರ ಗೋಡೆಗೆ ಒರಗಿತ್ತು. ರಂಜಿತ ರೆಕಾರ್ಡರನ್ನು ಚಾಲು ಮಾಡಿ ಕಂಬದ ಬುಡದಲ್ಲಿ ಕುಕ್ಕಿದ.

"ಬಾ ಮಗ. ಬೆಲ್ಲ ನೀರು..."

"ಬೆಲ್ಲ ಬೇಡ, ನೀರು ಬೇಡ, ಚಾ ಬೇಡ!" ಅವನಿಗೆ ಅಳುವೇ ಬಂದಿತ್ತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸದೆ ಬೀಯಮ್ಮನ ಮೊರವನ್ನು ಎಳೆದು, ನೆಲದಲ್ಲಿ ಕಾಲು ನೀಡಿ ಕೂತ. ಒದ್ದೆ ಗೋಣಿಯಿಂದ ಒಂದು ಎಲೆ ತೆಗೆದು, ಅಚ್ಚು ಇಟ್ಟು ಕತ್ತರಿಸಿದ. ಹದಿನೈದು ವರ್ಷದಿಂದ ಮುಟ್ಟದ ಕತ್ತರಿ ಬೆರಳಿಗೆ ಸಣ್ಣದಾಗಿತ್ತು.

ಒಳಗೆ ಹೊರಟಿದ್ದ ದಮಯಂತಿಯಕ್ಕ ಬಾಗಿಲಲ್ಲಿ ನಿಂತಳು. ಅವನ ಕೈ ನೋಡಿದಳು. ಸೊಪ್ಪಿನ ಪುಡಿ ಮೆತ್ತಿದ ಕೈಗೆ ಲೋಟ ಕೊಡುವ ಹಾಗಿಲ್ಲ. ಕೆಲಸ ಹಿಡಿದು ಕೂತವನನ್ನು ಕುರ್ಚಿಗೆ ಕರೆಯುವ ಹಾಗೂ ಇಲ್ಲ. ಅವಳು ಮತ್ತೆ ಬಂದು ತನ್ನ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

ಕತ್ತರಿ, ಬೆರಳು, ಉಗುರು, ನೂಲು, ಕುಟ್ಟು, ಕನ್ನಡಕ.

ಸಿಕ್ಕಿತು ಎಂದು ರಂಜಿತ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಅವಳ ಕಣ್ಣು ಅವನ ಮೊದಲ ಬೀಡಿಯ ಮೇಲೆ ಬಿತ್ತು.

"ಎಂತದು ಅದು?"

"ಬೀಡಿ."

"ಅದು ಬೀಡಿಯಾ? ಅಯ್ಯೋ ರಂಜೂ! ಸೊಂಟ ನೋಡು ಅದರದ್ದು! ಬ್ರಾಂಚಿನವ ಅದನ್ನು ನೋಡಿದ್ರೆ ನನ್ನನ್ನೂ ಸೇರಿಸಿ ಹೊರಗೆ ಬಿಸಾಡ್ತಾನೆ. ಎಲೆಯ ನರ ಎಲ್ಲಿಗೆ ಬರಬೇಕು? ತಿರುಗಿಸು. ಆಚೆ. ಆಚೆ ಅಂದ್ರೆ ಆಚೆಯಾ ಮಾರಾಯಾ, ಈಚೆ!"

ಅವಳ ಕೈ ನಿಲ್ಲಲಿಲ್ಲ. ಬಾಯಿಯೂ ನಿಲ್ಲಲಿಲ್ಲ. ಕುಸುಮ ಕಟ್ಟಿದ ಬೀಡಿ ದಬ್ಬಣದ ಹಾಗೆ ಇರುತ್ತಿತ್ತು, ಅಂಥವಳ ಹೊಟ್ಟೆಯಲ್ಲಿ ಹುಟ್ಟಿ ಇದೆಂತ ಕೈ? ಅಷ್ಟುದ್ದ ಕೂದಲು ಬಿಟ್ಟರೆ ಎಲೆ ಹೇಗೆ ಕಾಣುತ್ತದೆ? ಗಿಟಾರು ಬಾರಿಸುವ ಬೆರಳಂತೆ, ನೂಲು ಬಿಗಿಯಲು ಬರುವುದಿಲ್ಲವಂತೆ! ರಂಜಿತ ತಲೆ ತಗ್ಗಿಸಿ ಕಟ್ಟಿದ. ಅವನು ಕಟ್ಟಿದಷ್ಟೂ ಅವಳು ಬೈದಳು, ಬೈದಷ್ಟೂ ಅವಳ ಕೈ ಚುರುಕಾಯಿತು. ಬೀಯಮ್ಮ ಬಂದು ತನ್ನ ಮೊರದ ಗತಿ ನೋಡಿ ಎದೆ ಬಡಿದುಕೊಳ್ಳುವವರೆಗೆ, ಗುಡ್ಡೆಯ ಮನೆಗಳಿಗೆಲ್ಲ ಕೇಳುವ ಹಾಗೆ ಅದು ನಡೆಯಿತು.

ಮನೆಯಲ್ಲಿ ಕೇಳಿದರೆ ಎಲ್ಲವೂ ಇತ್ತು, ಮಾತೂ ಇತ್ತು. ಕುಟ್ಟಿನ ಮೇಲೆ ಮಾತು, ಮಾತಿನ ಮೇಲೆ ಕತ್ತರಿ. ಒಂದನ್ನು ಕಿತ್ತರೆ ಇನ್ನೊಂದು ಹರಿಯುತ್ತಿತ್ತು. ಮಾತು ಇರಕೂಡದು ಎಂದು ಅಭಿನಂದನ್ ಮೊದಲೇ ಹೇಳಿದ್ದ. ಗಿಟಾರಿನ ದಪ್ಪ ತಂತಿಯನ್ನು ಗುಂಯ್ ಅನ್ನಿಸಿ ಮೇಲೆ ಹೊದೆಸಿ ನೋಡಿದ; ಅದರ ಅಡಿಯಿಂದಲೂ ದಮಯಂತಿಯಕ್ಕ "ಆಚೆ, ಆಚೆ" ಎನ್ನುತ್ತಿದ್ದಳು. ರಂಜಿತನಿಗೆ ರೋಸಿಹೋಯಿತು. ಮಕ್ಕಳು ಬೈದವರನ್ನು ಅಣಕಿಸುವ ಹಾಗೆ ಅವನು ಗಿಟಾರಿನಲ್ಲಿ ಅವಳನ್ನು ಅಣಕಿಸಿದ. "ಅಯ್ಯೋ ರಂಜೂ" ಎಂದು ಅವಳ ದನಿ ಏರಿ ಜಾರುವಲ್ಲಿ ಬೆರಳಿಗೆ ತೊಟ್ಟ ಸ್ಟೀಲಿನ ಕೊಳವೆಯನ್ನು ತಂತಿಯ ಮೇಲೆ ಏರಿಸಿ ಜಾರಿಸಿದ. "ಮಾರಾಯಾ" ಎಳೆದಲ್ಲಿ ಎಳೆದ. ಅವಳು ಉಸಿರು ತೆಗೆದಲ್ಲಿ ಕೈ ಎತ್ತಿದ.

ಅದು ಕೂತಿತು. ದನಿಯ ಮೇಲೆ ತಂತಿ ಕೂತು ದನಿ ಕಾಣದಾಯಿತು.

ಅಣಕ ಎಲ್ಲಿ ನಿಂತಿತೋ ಅವನಿಗೆ ತಿಳಿಯಲಿಲ್ಲ. ಚಿತ್ರದ ಕೊನೆಯ ಕಡೆ ಒಂದು ಜಾಗವಿತ್ತು. ಎಲೆ ಮುಗಿದಿದೆ, ದಮಯಂತಿಯಕ್ಕನ ಕೈ ಖಾಲಿ ಮೊರದ ಮೇಲೆ ಸುಮ್ಮನೆ ಬಿದ್ದಿದೆ. ಅಲ್ಲಿಗೆ ಬೈಗುಳವಿಲ್ಲ, ಕುಟ್ಟಿಲ್ಲ. ಯಾವುದನ್ನೂ ಹಿಂಬಾಲಿಸದೆ ಅವನು ಅಲ್ಲಿ ಸ್ವಲ್ಪ ನುಡಿಸಿದ.

ಕೇಳಿದ ಅಭಿನಂದನ್ ಹೇಳಿದ: "ಇದರಲ್ಲಿ ಗಿಟಾರ್ ಕೇಳುವುದಿಲ್ಲ. ಇದು ಶ್ರಮದ ವಿಷಾದ." ಅದು ದಮಯಂತಿಯಕ್ಕನ ವಿಷಾದವಲ್ಲ, ಸಿಟ್ಟು ಎಂದು ಹೇಳಲು ರಂಜಿತ ಬಾಯಿ ತೆರೆದು, ಮುಚ್ಚಿದ. ಕೊಚ್ಚಿಯವರಿಗೆ ಫೋನ್ ಹೋಗಲಿ ಮೊದಲು.

ಮೂಡಬಿದ್ರೆಯ ಆ ಸಣ್ಣ ಸಭಾಂಗಣಕ್ಕೆ ಸ್ಪೀಕರು ತಂದದ್ದು ಕಮಲಾಕ್ಷ ಮಾಮ. ಹಾಡಿಲ್ಲದ ಸಿನಿಮಾಕ್ಕೆ ಇಷ್ಟು ದೊಡ್ಡದು ಯಾಕೆ ಎಂದು ಗೊಣಗುತ್ತಲೇ ಒಳ್ಳೆಯದನ್ನೇ ತಂದಿದ್ದರು. ವಾಮದಪದವಿನಿಂದ ಒಂದು ಜೀಪು ತುಂಬ ಹೆಂಗಸರು ಬಂದು ಹಿಂದಿನ ಸಾಲಿನಲ್ಲಿ ಕೂತರು. ದಮಯಂತಿಯಕ್ಕ ಮದುವೆಯ ಸೀರೆ ಉಟ್ಟಿದ್ದಳು. ಮುಂದಿನ ಸಾಲಿನಲ್ಲಿ ಗಡ್ಡದ ಮೇಲೆ ಕೈಯಿಟ್ಟುಕೊಂಡವರು ಇದ್ದರು.

ದೀಪ ಆರಿತು. ತೆರೆಯ ತುಂಬ ಎರಡು ಕೈ. ಕತ್ತರಿ ನಡೆಯಿತು, ಕುಟ್ಟು ಬಿತ್ತು. ಆಮೇಲೆ ಗಿಟಾರು ಏರಿತು, ಜಾರಿತು, ನಿಂತಿತು, ಮತ್ತೆ ಏರಿತು. ಮುಂದಿನ ಸಾಲು ನಿಟ್ಟುಸಿರಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ದಮಯಂತೀ," ಎಂದಳು ಬೀಯಮ್ಮ, ಕತ್ತಲೆಯಲ್ಲಿ ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ, "ಇದು ನೀನು ಬೈಯುವುದಲ್ವಾ?"

ಅಷ್ಟೇ. ಇಡೀ ಸಾಲು ನಗೆಯಲ್ಲಿ ಒಡೆದುಹೋಯಿತು. ತಂತಿ ಒಮ್ಮೆ ಏರಿ ಬಿದ್ದಲ್ಲಿ ಒಬ್ಬಳು "ಅಯ್ಯೋ ರಂಜೂ" ಎಂದಳು, ಸರಿಯಾಗಿ ಅದೇ ಜಾಗದಲ್ಲಿ. ಮುಂದಿನವರು ತಿರುಗಿ ನೋಡಿದರು. ಅಭಿನಂದನ್ ಎದ್ದು ನಿಂತು "ದಯವಿಟ್ಟು, ದಯವಿಟ್ಟು" ಎಂದು ಕೈಯಾಡಿಸಿದ. ತೆರೆಯ ಮೇಲೆ ಅವನ ಕೈಯ ನೆರಳು ದಮಯಂತಿಯಕ್ಕನ ಕೈಗೆ ಹೊಡೆಯುವ ಹಾಗೆ ಕಂಡು ನಗೆ ಇನ್ನೂ ಜೋರಾಯಿತು. ದಮಯಂತಿಯಕ್ಕ ಮಾತ್ರ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕೊನೆಗೆ ತೆರೆಯ ಮೇಲೆ ಹೆಸರು ಬಂತು: ಸಂಗೀತ, ರಂಜಿತ್ ವಾಮದಪದವು. ಎಷ್ಟೋ ವರ್ಷದಿಂದ ಕಾದ ಆ ಅಕ್ಷರಗಳನ್ನು ರಂಜಿತ ನೋಡಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ.

ಹೊರಗೆ ಜೀಪಿನ ಹತ್ತಿರ ಅವಳು ಒಂದೇ ಮಾತು ಹೇಳಿದಳು. "ಹೆಸರು ನಿನ್ನದು. ಬೈದದ್ದು ನಾನು."

ಜೀಪು ಹೋಯಿತು. ಸ್ಪೀಕರು ಹೊರುವಾಗ ಮಾಮ ಅವನ ಮುಖ ನೋಡಿ ತಮಾಷೆ ಮಾಡದೆ ಬಿಟ್ಟರು. ತನ್ನದು ಎನ್ನುವುದು ಒಂದು ಸಿಕ್ಕಿತೆಂದು ಹೊರಟರೆ ಅದೂ ಬೇರೆಯವರದ್ದೇ ಆಯಿತಲ್ಲ ಎಂದು ಅವನಿಗೆ ದಾರಿಯುದ್ದಕ್ಕೂ ಅನ್ನಿಸಿತು.

ಮರುದಿನ ಸಂಜೆ ಅವನು ಗುಡ್ಡೆ ಹತ್ತಿದ. ಚೀಲವಿಲ್ಲ, ಮೈಕಿಲ್ಲ. ದಮಯಂತಿಯಕ್ಕ ಮೊರ ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಏಳಲಿಲ್ಲ. ಟೀವಿ ಆರಿಸಲಿಲ್ಲ. ಬೆಲ್ಲದ ಮಾತೂ ಇಲ್ಲ. ಅವನು ಮೆಟ್ಟಿಲ ಮೇಲೇ ನಿಂತ.

"ತಪ್ಪಾಯ್ತು ಅಕ್ಕ."

"ಊರೆಲ್ಲ ನನ್ನನ್ನು ಕಂಡು ಅಯ್ಯೋ ರಂಜೂ ಅಂತಾರೆ. ಬಸ್ಸಿನವನೂ ಹೇಳಿದ." ಅವಳು ಒಂದು ಬೀಡಿಯ ಬಾಯಿ ಮಡಚಿದಳು. "ಅಷ್ಟು ಕಿರುಚ್ತೇನಾ ನಾನು?"

ಅವನು ಟೀವಿಯ ಕಡೆ ನೋಡಿದ.

"ಹೌದಾದ್ರೆ ಹೌದು ಅನ್ನು ಮಾರಾಯ."

"ಹೌದು."

ಕುಟ್ಟು ಬಿತ್ತು. ಅವಳು ಮುಂಗೈಯಿಂದ ಕನ್ನಡಕ ತಳ್ಳಿಕೊಂಡಳು. "ಕೊನೆಗೆ ಒಂದು ಕಡೆ ಬಂತಲ್ಲ, ನನ್ನ ಕೈ ಸುಮ್ಮನೆ ಇರುವಾಗ. ಅಲ್ಲಿ ನಾನು ಬೈಯಲಿಲ್ಲ. ಅದು ಯಾರದ್ದು?"

ರಂಜಿತ ತಲೆ ಎತ್ತಿದ. "ಅದು ನನ್ನದು."

"ಹಾಗೆ ಅಂತ ಗೊತ್ತಾಯ್ತು," ಎಂದಳು ದಮಯಂತಿಯಕ್ಕ. ಗೋಡೆಗೆ ಒರಗಿದ್ದ ಮೊರವನ್ನು ಕಾಲಿನಿಂದಲೇ ಅವನತ್ತ ಸರಿಸಿದಳು. "ಅದು ಸ್ವಲ್ಪ ಉದ್ದ ಆಯ್ತು. ನಿಂತು ನೋಡುವುದೆಂತ? ಎಲೆ ಒಣಗ್ತದೆ, ಕೂರು."